ಹನ್ನೊಂದು ಕೋಟುಗಳ ಸದ್ದು

ಹೆತ್ತವರು ಇಟ್ಟ ಹೆಸರೊಂದು ಅವನಿಗಿದೆ. ಆ ಹೆಸರಿನಿಂದ ಕೂಗಿದರೆ ಅವನೇ ತಿರುಗಿ ನೋಡುವುದಿಲ್ಲ. ಊರಿಗೆಲ್ಲ ಅವನು ತಂತಿ. ಪಿಯಾನೋ ರಿಪೇರಿ ಮಾಡುವವನು, ಶ್ರುತಿ ಸರಿ ಮಾಡುವವನು. ಮೈಮೇಲೆ ಹಿಡಿ ಮಾಂಸವಿಲ್ಲ. ಜೋರಾಗಿ ಬೈದರೆ ಕಿತ್ತುಹೋಗುತ್ತಾನೆ, ಹೊಗಳಿದರೆ ಸಡಿಲವಾಗುತ್ತಾನೆ. ಇಪ್ಪತ್ತರ ವಯಸ್ಸಿನಲ್ಲಿ ಯಾರೋ ತಮಾಷೆಗೆ ಅಂಟಿಸಿದ ಹೆಸರು ಅರವತ್ತಾರರಲ್ಲೂ ಬಿಗಿಯಾಗಿಯೇ ಕೂತಿದೆ.

ಒಂದು ಕಾಲದಲ್ಲಿ ಈ ಊರಿನ ಶಾಲೆ, ಹೋಟೆಲು, ಸಭಾಂಗಣಗಳಲ್ಲಿ ನೂರಾರು ಪಿಯಾನೋಗಳಿದ್ದವು. ಈಗ ಹೋಟೆಲಿನವರು ಅವುಗಳ ಮೇಲೆ ಹೂಕುಂಡ ಇಡುತ್ತಾರೆ, ಶಾಲೆಯವರು ಹರಿದ ನಕಾಶೆ ಒಟ್ಟುತ್ತಾರೆ. ಕೆಲಸ ತಿಂಗಳಿಗೆ ಎರಡೋ ಮೂರೋ ಅನ್ನುವಷ್ಟಕ್ಕೆ ಇಳಿದ ಮೇಲೆ ತಂತಿ ಒಂದು ಕಂಪ್ಯೂಟರ್ ತಂದ, ಒಂದು ಉದ್ದನೆಯ ಕೀಬೋರ್ಡ್ ತಂದ, ಒಂದು ಪಿಯಾನೋ ಸಾಫ್ಟ್‌ವೇರ್ ಹಾಕಿಸಿಕೊಂಡ. ಹೆಂಡತಿಯ ಹೊಲಿಗೆ ಕೋಣೆಯ ಮೂಲೆಯಲ್ಲಿ ಅಂಗಡಿ ತೆರೆದ.

ಆ ಸಾಫ್ಟ್‌ವೇರ್ ಏನು ಅಂತ ಅವನು ನನಗೆ ಹತ್ತು ಸಲ ಹೇಳಿಕೊಟ್ಟಿದ್ದಾನೆ. ಒಳಗೆ ಪಿಯಾನೋದ ರೆಕಾರ್ಡಿಂಗ್ ಇರುವುದಿಲ್ಲ. ಒಂದು ಇಡೀ ಪಿಯಾನೋವನ್ನು ಅದು ಲೆಕ್ಕ ಹಾಕಿ ಕಟ್ಟುತ್ತದೆ. ತಂತಿಗೆ ಹೊಡೆಯುವ ಸುತ್ತಿಗೆಯ ಉಣ್ಣೆ ಎಷ್ಟು ಸವೆದಿದೆ, ಮುಚ್ಚಳ ಎಷ್ಟು ತೆರೆದಿದೆ, ಯಾವ ತಂತಿ ಶ್ರುತಿಯಿಂದ ಎಷ್ಟು ಜಾರಿದೆ, ಮೈಕು ಎಲ್ಲಿದೆ, ಕೋಣೆ ಎಷ್ಟು ದೊಡ್ಡದು, ಗೋಡೆ ಎಷ್ಟು ಗಟ್ಟಿ, ಎಲ್ಲವನ್ನೂ ನಾವೇ ತಿರುಗಿಸಬಹುದು. ಪಿಯಾನೋ ಬಿಚ್ಚಿ ಜೋಡಿಸಬಲ್ಲವನ ಕೈಗೆ ಅದು ಸಿಕ್ಕರೆ ಕೇಳಬೇಕೆ? ಅವನು ತನ್ನ ಮೆಚ್ಚಿನ ಪಿಯಾನೋ ವಾದಕರ ಹಳೆಯ ರೆಕಾರ್ಡುಗಳನ್ನು ತಂದು, ಒಬ್ಬೊಬ್ಬರ ಸದ್ದನ್ನೂ ಹಾಗೆಹಾಗೇ ಕಟ್ಟತೊಡಗಿದ. ಅವರಿಗೆಲ್ಲ ಅವನೇ ಇಟ್ಟ ಅಡ್ಡಹೆಸರು. ಒಬ್ಬ ಕಲ್ಲುಕುಟಿಗ. ಒಬ್ಬಳು ಜೇನು. ಇನ್ನೊಬ್ಬ ಜ್ವರದವನು, ಅವನ ಸ್ವರಗಳು ಸದಾ ನಡುಗುತ್ತವಂತೆ.

ಮನೆಗೆ ಹೋದವರನ್ನು ಗೋಡೆ ಕಡೆ ಮುಖ ಮಾಡಿ ಕೂರಿಸಿ ಪರೀಕ್ಷೆ ಮಾಡುತ್ತಿದ್ದ. "ಮೊದಲನೇದು ರೆಕಾರ್ಡೋ, ನಾನೋ? ಹೇಳು." ನಾನು ಪ್ರತಿ ಸಲ ಸೋತೆ. ಅವನ ಹೆಂಡತಿ ಪ್ರತಿ ಸಲ ಗೆದ್ದಳು. ಅವನು ಬಾರಿಸುವಾಗ ಕುರ್ಚಿ ಕಿರ್ ಅನ್ನುತ್ತಿತ್ತು, ಆಕೆ ಅದನ್ನು ಹಿಡಿದಿದ್ದಳು. ಆದರೆ ಗಂಡನಿಗೆ ಹೇಳಿರಲಿಲ್ಲ.

"ಸತ್ತವರನ್ನೆಲ್ಲ ಕರ್ಕೊಂಡ್ ಬಂದು ನನ್ನ ಕೋಣೇಲಿ ಕೂರಿಸ್ತೀರಲ್ಲ, ಅವರಿಗೆ ಟೀ ಯಾರು ಮಾಡೋದು?" ಎಂದು ಆಕೆ ಮಿಷಿನ್ ತುಳಿಯುತ್ತಲೇ ಕೆಣಕುತ್ತಿದ್ದಳು.

"ಅವರು ಕುಡಿಯಲ್ಲ ಕಣೆ."

"ಅವರ ಪಾಲಿಂದೂ ಸೇರಿಸಿ ನೀವು ಕುಡೀತೀರಲ್ಲ, ಅದಕ್ಕೇ ಕೇಳಿದೆ."

ಹೀಗೆ ಸುಖವಾಗಿ ನಡೆದುಕೊಂಡು ಹೋಗುತ್ತಿತ್ತು. ಮಾತ್ರೆ ಅಕ್ಕ ಕ್ಯಾಸೆಟ್ಟು ತರುವ ತನಕ.

ಮಾತ್ರೆ ಅಕ್ಕ ಅಂದರೆ ಬಸ್ ನಿಲ್ದಾಣದ ಎದುರಿನ ಔಷಧಿ ಅಂಗಡಿಯವಳು. ಎಪ್ಪತ್ತು ದಾಟಿದ್ದಾಳೆ. ಆಕೆಯ ಅಕ್ಕನನ್ನು ನಾವೆಲ್ಲ ಟೀಚರ್ ಅನ್ನುತ್ತಿದ್ದೆವು. ಹುಡುಗಿಯರ ಶಾಲೆಯಲ್ಲಿ ಸಂಗೀತ ಕಲಿಸುತ್ತಿದ್ದ ಹೆಂಗಸು. ಪಿಯಾನೋ ಬಾರಿಸಿದರೆ ರೇಡಿಯೋದವರು ಬಾಗಿಲಿಗೆ ಬಂದು ಕರೆಯುವಂಥ ಕೈ. ಮೂವತ್ತೆಂಟು ವರ್ಷದ ಹಿಂದೆ ಗಿರಣಿ ಮುಷ್ಕರ ನಡೆದಾಗ, ಆಕೆ ಶಾಲೆಯ ಹಳೇ ಪಿಯಾನೋವನ್ನು ಲಾರಿಗೆ ಹತ್ತಿಸಿಕೊಂಡು ಗಿರಣಿ ಕೆಲಸಗಾರರಾದ ನಮ್ಮ ಮೆರವಣಿಗೆಗೆ ಬಂದಳು. ಯಾರನ್ನೂ ಕೇಳಲಿಲ್ಲ, ಹೆಡ್‌ಮಾಸ್ಟರನ್ನಂತೂ ಕೇಳಲೇ ಇಲ್ಲ. ಲಾರಿ ಒಂದು ಗುಂಡಿ ಹಾರಿದರೆ ಪಿಯಾನೋದ ಶ್ರುತಿ ಹಳ್ಳ ಹಿಡಿಯುತ್ತಿತ್ತು. ಆಗ ಲಾರಿ ನಿಲ್ಲಿಸಿ, ಹಿಂದಿನಿಂದ ತಂತಿ ಹತ್ತಿ, ತನ್ನ ಪಾನಾ ತಿರುಗಿಸಿ ಶ್ರುತಿ ಸರಿಮಾಡಿ ಇಳಿಯುತ್ತಿದ್ದ. ಸಾವಿರಾರು ಜನ ಘೋಷಣೆ ನಿಲ್ಲಿಸಿ ಕಾಯುತ್ತಿದ್ದೆವು. "ಲೋ ತಂತಿ, ನೀನು ಸರಿ ಮಾಡೋ ಹೊತ್ತಿಗೆ ಮಾಲೀಕರೇ ಒಪ್ಪಂದಕ್ಕೆ ಬರ್ತಾರೆ" ಅಂತ ಕೂಗುತ್ತಿದ್ದೆವು. ಲಾರಿ ಮೇಲಿನ ಆ ಕೆಲಸಕ್ಕೇ ಅವನು ನಮ್ಮ ನಡುವೆ ದೊಡ್ಡ ಮನುಷ್ಯನಾದ. ಇವತ್ತಿಗೂ ಸಂಘದ ಕಚೇರಿಯ ಗೋಡೆಯಲ್ಲಿ ಆ ಫೋಟೋ ಇದೆ.

ಒಂದು ಸೋಮವಾರ ಪೊಲೀಸರು ಟೀಚರನ್ನು ಲಾರಿಯಿಂದಲೇ ಇಳಿಸಿಕೊಂಡು ಹೋದರು. ಊರಿಗೆ ಕರ್ಫ್ಯೂ ಬಿತ್ತು. ಮುಂದಿನ ಭಾನುವಾರ ರೇಡಿಯೋದಲ್ಲಿ ಆಕೆಯ ಪಿಯಾನೋ ಬಂತು. "ಪುರಭವನದಲ್ಲಿ, ತುಂಬಿದ ಸಭೆಯ ಮುಂದೆ, ಈಗತಾನೆ" ಎಂದು ಅನೌನ್ಸರ್ ಹೇಳಿದ. ಎರಡು ರಚನೆ, ಕೊನೆಗೆ ದೀರ್ಘ ಚಪ್ಪಾಳೆ. ಆಮೇಲೆ ಆಕೆಯನ್ನು ಕಂಡವರಿಲ್ಲ. ಸರ್ಕಾರದ ಹೇಳಿಕೆ ಸರಳವಾಗಿತ್ತು. ಮಂಗಳವಾರವೇ ಬಿಟ್ಟುಬಿಟ್ಟೆವು, ಭಾನುವಾರ ಪುರಭವನದಲ್ಲಿ ಬಾರಿಸಿದಳು, ಇಡೀ ದೇಶ ಕೇಳಿದೆ, ಆಮೇಲೆ ಸ್ವಂತ ಇಚ್ಛೆಯಿಂದ ಗಡಿ ದಾಟಿದಳು. ಪುರಭವನಕ್ಕೆ ಹೋಗಿದ್ದವರು ಯಾರಪ್ಪಾ ಅಂದರೆ, ಕರ್ಫ್ಯೂ ಪಾಸ್ ಇದ್ದವರು. ಅವರ ಪಟ್ಟಿ? ಸುಟ್ಟುಹೋಗಿದೆ.

ಮಾತ್ರೆ ಅಕ್ಕ ಆ ಭಾನುವಾರ ರೇಡಿಯೋ ಮುಂದೆ ಕೂತು ಎಲ್ಲವನ್ನೂ ಕ್ಯಾಸೆಟ್ಟಿಗೆ ಇಳಿಸಿಕೊಂಡಿದ್ದಳು. ಆಕೆಯ ಮಟ್ಟಿಗೆ ಅಕ್ಕ ಬದುಕಿದ್ದಳು ಅನ್ನುವುದಕ್ಕೆ ಅದು ಸಾಕ್ಷಿ. ಸರ್ಕಾರದ ಮಟ್ಟಿಗೆ ತಾನು ಕೊಂದಿಲ್ಲ ಅನ್ನುವುದಕ್ಕೆ ಅದೇ ಸಾಕ್ಷಿ. ಈಗ ಹೊಸ ಸರ್ಕಾರ ಕಾಣೆಯಾದವರ ಬಗ್ಗೆ ಆಯೋಗ ಕೂರಿಸಿದೆ. ಟೀಚರ ಫೈಲಿನ ಮೇಲೆ "ಸ್ವಇಚ್ಛೆಯಿಂದ ತೆರಳಿದವರು" ಎಂದು ಬರೆದು, ತಿಂಗಳ ಕೊನೆಗೆ ಮುಚ್ಚುವುದಾಗಿ ನೋಟಿಸು ಕೊಟ್ಟಿದ್ದರು. ಹೊಸ ಸಾಕ್ಷ್ಯ ಇದ್ದರೆ ತರಬಹುದಂತೆ. ಮೂವತ್ತೆಂಟು ವರ್ಷದ ಮೇಲೆ ಹೊಸ ಸಾಕ್ಷ್ಯ ಎಲ್ಲಿಂದ ತರುವುದು, ಕಿರಾಣಿ ಅಂಗಡಿಯಿಂದಲೇ?

ಆಕೆ ತಂತಿಯ ಮನೆಗೆ ಬಂದದ್ದು ಸಾಕ್ಷ್ಯಕ್ಕಲ್ಲ. "ನಮ್ಮಕ್ಕ ಮನೇಲಿ ಬಾರಿಸ್ತಿದ್ದ ಒಂದು ರಚನೆ ಇದೆ. ಅವಳ ಕೈಬರಹದ ಹಾಳೆ ಇದೆ. ರೆಕಾರ್ಡು ಇಲ್ಲ. ನೀನು ಕಲ್ಲುಕುಟಿಗನ ಸದ್ದು ಕಟ್ಟಿದ್ದೀಯಂತೆ. ಅವಳ ಸದ್ದು ಕಟ್ಟಿ ಅದನ್ನ ಬಾರಿಸಿ ಕೊಡು. ಸಾಯೋಕೆ ಮುಂಚೆ ಒಂದ್ಸಲ ಕೇಳ್ಬೇಕು, ಅಷ್ಟೇ" ಅಂದಳು. ಕ್ಯಾಸೆಟ್ಟು, ಹಾಳೆ ಎರಡನ್ನೂ ಮೇಜಿನ ಮೇಲಿಟ್ಟು, ಟೀ ಕೂಡ ಕುಡಿಯದೆ ಹೋದಳು.

ತಂತಿ ಅವತ್ತು ಬೇಡ ಅನ್ನಬಹುದಿತ್ತು. ಅನ್ನಲಿಲ್ಲ.

ಮೊದಲ ನಾಲ್ಕು ದಿನ ಸಲೀಸಾಗಿ ಹೋಯಿತಂತೆ. ಕ್ಯಾಸೆಟ್ಟಿನ ಸುರ್ ಎನ್ನುವ ಸದ್ದನ್ನು ಕಳೆದ, ಸುತ್ತಿಗೆಗಳನ್ನು ಸವೆಸಿದ, ಮುಚ್ಚಳ ಮುಚ್ಚಿದ. ಆಮೇಲೆ ಕೋಣೆಯ ಜಾಗದಲ್ಲಿ ಪುರಭವನದ ಅಳತೆ ಹಾಕಿದ. ಆ ಸಭಾಂಗಣದ ಉದ್ದಗಲ ಅವನಿಗೆ ಬಾಯಿಪಾಠ. ಆದರೂ ಕ್ಯಾಸೆಟ್ಟಿನ ಸದ್ದು ಅದರಲ್ಲಿ ಕೂರಲಿಲ್ಲ. ಪುರಭವನದಲ್ಲಿ ಒಂದು ಸ್ವರ ಒತ್ತಿ ಬಿಟ್ಟರೆ ಅದು ಗ್ಯಾಲರಿ ತನಕ ಹೋಗಿ, ಆರಾಮಾಗಿ ತಿರುಗಿ ಬರುತ್ತದೆ. ಕ್ಯಾಸೆಟ್ಟಿನಲ್ಲಿ ಸ್ವರ ಹೊರಟದ್ದೇ ಗೋಡೆಗೆ ಬಡಿದು ವಾಪಸ್ಸು. ವಿಚಿತ್ರ ಅಂದರೆ, ಕೊನೆಯ ಚಪ್ಪಾಳೆ ಮಾತ್ರ ಸರಿಯಾಗಿ ಪುರಭವನದ್ದೇ.

"ಚಪ್ಪಾಳೆ ದೊಡ್ಡ ಕೋಣೇದು, ಪಿಯಾನೋ ಸಣ್ಣ ಕೋಣೇದು" ಎಂದು ಫೋನಿನಲ್ಲಿ ಹೇಳಿದ. "ಅಂಟಿಸಿದ್ದಾರೆ ಕಣೋ. ಬೇರೆ ಯಾವುದೋ ಸಂಗೀತ ಕಚೇರಿಯ ಚಪ್ಪಾಳೆ."

ಕಾಣೆಯಾದವರ ಮನೆಯವರ ಸಮಿತಿಯಲ್ಲಿ ನಾನಿದ್ದೇನೆ. ಕಾಲಿಗೆ ಚಪ್ಪಲಿ ಸಿಕ್ಕಿಸಿಕೊಂಡು ಓಡಿದೆ.

ಅವನು ಕೋಣೆಯನ್ನು ಕುಗ್ಗಿಸುತ್ತ ಬಂದಿದ್ದ. ಇಪ್ಪತ್ತೈದು ಅಡಿ ಉದ್ದ, ಹದಿನೈದು ಅಡಿ ಅಗಲ. ಗೋಡೆಗೆ ಹೆಗಲೆತ್ತರದ ತನಕ ಟೈಲ್ಸ್. ಅಷ್ಟಾದರೂ ಒಂದು ತೊಡಕು ಉಳಿದಿತ್ತು. ಅಂಥ ಕೋಣೆ ಬಚ್ಚಲಿನ ಹಾಗೆ ಗುಂಯ್ ಅನ್ನಬೇಕು, ಕ್ಯಾಸೆಟ್ಟಿನಲ್ಲಿ ಅನ್ನುತ್ತಿಲ್ಲ. ಯಾವುದೋ ಮೆತ್ತನೆಯ ವಸ್ತು ಸದ್ದನ್ನು ಕುಡಿಯುತ್ತಿತ್ತು. ಸಾಫ್ಟ್‌ವೇರಿನಲ್ಲಿ ಪರದೆ ಹಾಕಿದರೆ ಅತಿಯಾಗುತ್ತದೆ, ಕಾರ್ಪೆಟ್ ಹಾಕಿದರೆ ಬೇರೆಯೇ ಆಗುತ್ತದೆ.

ಅವರ ಕಟ್ಟಡದ ಕೆಳಗೆ ಬಾಡಿಗೆದಾರರೆಲ್ಲ ಬಟ್ಟೆ ಒಗೆಯುವ ಕೋಣೆಯೊಂದಿದೆ. ಟೈಲ್ಸಿನದು, ಹೆಚ್ಚುಕಮ್ಮಿ ಅದೇ ಅಳತೆ. ತಂತಿ ಸ್ಪೀಕರನ್ನು ಅಲ್ಲಿಗೆ ಇಳಿಸಿದ. ಹೆಂಡತಿ ಹೊಲಿಗೆಗೆ ಬಂದಿದ್ದ ಚಳಿಗಾಲದ ದಪ್ಪ ಕೋಟುಗಳನ್ನು ಹೊತ್ತು ತಂದಳು. ನಾನೂ ಹೊತ್ತೆ. ಹಗ್ಗ ಕಟ್ಟಿ ಒಂದೊಂದೇ ತೂಗುಹಾಕಿದೆವು. ಅವನು ಪ್ರತಿ ಕೋಟಿಗೂ ಒಂದು ಸ್ವರ ಬಾರಿಸಿ ಕಿವಿ ಓರೆ ಮಾಡುತ್ತಿದ್ದ. ಬಕೆಟ್ ಹಿಡಿದು ಬಂದ ಪಕ್ಕದ ಮನೆಯಾಕೆ, "ಏನ್ರಿ ಇದು, ಕೋಟಿಗೆ ಸಂಗೀತ ಕಲಿಸ್ತಿದ್ದೀರಾ?" ಅಂದಳು. ನಗು ತಡೆಯಲಾಗಲಿಲ್ಲ.

ಏಳಕ್ಕೆ ಸಾಲದು. ಹದಿನೈದಕ್ಕೆ ಹೆಚ್ಚು. ಹನ್ನೊಂದಕ್ಕೆ ತಂತಿ ಕೈ ಎತ್ತಿದ. ಕ್ಯಾಸೆಟ್ಟು ಹಾಕಿದ, ತನ್ನದು ಹಾಕಿದ. ಕೋಣೆಯ ಮಟ್ಟಿಗೆ ಒಂದು ಕೂದಲೆಳೆಯ ವ್ಯತ್ಯಾಸವಿಲ್ಲ.

"ಹನ್ನೊಂದು ಕೋಟು" ಅಂದ ಖುಷಿಯಲ್ಲಿ.

ಅವನ ಹೆಂಡತಿ ಒಂದು ಕೋಟಿನ ತೋಳು ಹಿಡಿದು ನಿಂತಿದ್ದಳು. "ಪಿಯಾನೋ ಬಾರಿಸೋ ಕೋಣೇಲಿ ಖಾಲಿ ಕೋಟು ಯಾರ್ ತೂಗುಹಾಕ್ತಾರೆ?" ಅಂದಳು. "ಒಳಗೆ ಜನ ಇದ್ರು ಅನ್ನಿ."

ತಂತಿ ಸ್ಪೀಕರ್ ಆರಿಸಿದ.

"ಆ ಭಾನುವಾರ ಯಾವ ತಿಂಗಳು ಅಣ್ಣಾ?" ಎಂದು ನನ್ನನ್ನು ಕೇಳಿದಳು.

ಮೇ ತಿಂಗಳು. ಕಡು ಬೇಸಿಗೆ.

"ಬೇಸಿಗೇಲಿ ಈ ನಮೂನೆ ದಪ್ಪ ಬಟ್ಟೆ ಹಾಕ್ಕೊಂಡು ನಿಲ್ಲೋರು ಯಾರು?"

ನಮ್ಮ ಕಾಲದ ಪೊಲೀಸರ ಯೂನಿಫಾರ್ಮು ಬೇಸಿಗೆಯಲ್ಲೂ ಕಂಬಳಿಯಷ್ಟು ದಪ್ಪ ಎಂದು ಅವರ ಲಾಠಿ ಏಟು ಬೆನ್ನ ಮೇಲೆ ತಿಂದವರಿಗೆ ಹೇಳಿಕೊಡಬೇಕಿಲ್ಲ. ನಾವು ಕ್ಯಾಸೆಟ್ಟನ್ನು ಮತ್ತೆ ಹಾಕಿದೆವು. ಎರಡು ರಚನೆ, ಹದಿನಾಲ್ಕು ನಿಮಿಷ. ಹನ್ನೊಂದು ಜನರಲ್ಲಿ ಒಬ್ಬನೂ ಕೆಮ್ಮಿಲ್ಲ, ಕಾಲು ಬದಲಿಸಿಲ್ಲ.

ಇದು ದೊಡ್ಡ ಸಾಕ್ಷ್ಯ ಎಂದು ನಾನು ಕುಣಿದೆ. ತಂತಿ ಮಾತ್ರ, "ಇನ್ನೊಂದು ಕೆಲಸ ಬಾಕಿ ಇದೆ, ಶ್ರುತಿ ಕೂರಿಸ್ಬೇಕು" ಎಂದು ಮೇಲೆ ಹೋದ.

ಆಮೇಲೆ ಎಂಟು ದಿನ ಅವನ ಸುಳಿವಿಲ್ಲ. ಫೋನ್ ಎತ್ತಲಿಲ್ಲ. ಆಯೋಗದ ಗಡುವು ಹತ್ತಿರ ಬರುತ್ತಿತ್ತು. ಒಂಬತ್ತನೇ ದಿನ ಬೆಳಿಗ್ಗೆ ಅವನ ಹೆಂಡತಿ ಸಂಘದ ಕಚೇರಿಗೆ ಬಂದಳು. ಬೆರಳಿಗೆ ಸೂಜಿ ಚುಚ್ಚದಂತೆ ಹಾಕುವ ಟೋಪಿ ಹಾಗೇ ಇತ್ತು.

"ಅಣ್ಣಾ, ನಿಮ್ಮ ಗೆಳೆಯರು ಕಂಪ್ಯೂಟರ್ ಮೇಲೆ ಟವೆಲ್ ಹೊದಿಸಿಟ್ಟಿದ್ದಾರೆ. ಊಟ ಬಿಟ್ಟಿದ್ದಾರೆ. ಬನ್ನಿ, ನಿಮಗಾದ್ರೂ ಬಾಯಿ ಬಿಡ್ತಾರೋ ನೋಡೋಣ."

ಹೋದೆ. ತಂತಿ ಹಾಸಿಗೆಯ ಮೇಲೆ ಗೋಡೆ ನೋಡುತ್ತ ಕೂತಿದ್ದ. ಮೊಣಕಾಲ ಮೇಲೆ ಒಂದು ಹಳೆಯ ನೋಟ್‌ಬುಕ್ಕು. ಯಾವ ಪಿಯಾನೋಗೆ ಯಾವತ್ತು ಏನು ಮಾಡಿದೆ ಎಂದು ಬರೆದಿಡುವುದು ಅವನ ರೂಢಿ. ಡಾಕ್ಟರು ರೋಗಿಯ ಚೀಟಿ ಇಡುವ ಹಾಗೆ.

"ಏನೋ ಆಯ್ತು ನಿನಗೆ?"

"ಪಿಯಾನೋದಲ್ಲಿ ಒಂದೊಂದು ಸ್ವರಕ್ಕೆ ಮೂರು ಮೂರು ತಂತಿ ಇರ್ತವೆ" ಎಂದು ಶುರು ಮಾಡಿದ. "ಮೂರನ್ನೂ ಒಂದೇ ಶ್ರುತಿಗೆ ತರ್ಬೇಕು. ನಾನು ಮೂರನೇದನ್ನ ಒಂದು ಕೂದಲೆಳೆ ಸಡಿಲ ಬಿಡ್ತೀನಿ. ಸ್ವರ ಉಸಿರಾಡುತ್ತೆ. ಇದಕ್ಕೆ ನಮ್ಮ ಗುರು ನನಗೆ ಹೊಡೆದಿದ್ದ. ಈ ಊರಲ್ಲಿ ಇನ್ಯಾರೂ ಹಾಗೆ ಮಾಡಲ್ಲ."

"ಆಯ್ತು. ಅದಕ್ಕೆ?"

"ಆ ಕ್ಯಾಸೆಟ್ಟಲ್ಲಿ ಹಾಗೇ ಇದೆ."

"ನೀನೇ ಸರಿ ಮಾಡಿದ ಪಿಯಾನೋ ಅಂತಾಯ್ತು. ಒಳ್ಳೇದೇ ಅಲ್ವಾ?"

"ಪುರಭವನದ ಪಿಯಾನೋ ನಾನು ಯಾವತ್ತೂ ಮುಟ್ಟಿಲ್ಲ. ಅದು ಸರ್ಕಾರಿ ರಿಪೇರಿಯವನದ್ದು." ನೋಟ್‌ಬುಕ್ಕು ನನ್ನ ಕಡೆ ತಳ್ಳಿದ. "ಮೊದಲು ನನ್ನ ಕೈ ಅಭ್ಯಾಸ ಇರ್ಬೇಕು, ಗೊತ್ತಿಲ್ದೆ ನಾನೇ ಹಾಗೆ ಕೂರಿಸ್ತಿದ್ದೀನಿ ಅಂದ್ಕೊಂಡೆ. ಆದ್ರೆ ಮೇಲಿನ ಸಾಲಲ್ಲಿ ಒಂದು ಸ್ವರ ಬರುತ್ತೆ. ಸ್ವಲ್ಪ ಕುಂಟುತ್ತೆ. ತುಂಡಾದ ತಂತಿಗೆ ಹೊಸದಿಲ್ದಾಗ ಗಂಟು ಹಾಕಿ ಬಿಗೀತೀವಿ, ಆ ಸದ್ದು. ಓದು."

ಓದಿದೆ. ಅಧಿಕಾರಿಗಳ ಕ್ಲಬ್ಬು, ಹಿಂದಿನ ಕ್ಯಾಂಟೀನ್ ಕೋಣೆ. ಪೂರ್ತಿ ಶ್ರುತಿ. ಮೇಲಿನ ಸಾಲಿನಲ್ಲಿ ಒಂದು ತಂತಿಗೆ ಗಂಟು. ತಾರೀಕು ನೋಡಿದೆ. ಟೀಚರನ್ನು ಹಿಡಿದುಕೊಂಡು ಹೋದ ವಾರದ ಶುಕ್ರವಾರ.

ಆ ದಿನಗಳಲ್ಲಿ ಅಧಿಕಾರಿಗಳಿಗೆ ಯಾರೂ ಕೆಲಸ ಮಾಡಬಾರದು ಎಂದು ನಾವು ಊರಿಗೆಲ್ಲ ಬಹಿಷ್ಕಾರ ಸಾರಿದ್ದೆವು. ಅಧಿಕಾರಿಗಳ ಕ್ಲಬ್ಬಿಗೆ ಹಾಲು ಹಾಕುವವನು ಹಾಲು ಹಾಕುತ್ತಿರಲಿಲ್ಲ. ಕ್ಷೌರದವನು ಹೋಗುತ್ತಿರಲಿಲ್ಲ. ಹೋದ ಒಬ್ಬ ಎಲೆಕ್ಟ್ರಿಷಿಯನ್ ಮುಖಕ್ಕೆ ನಾನೇ ಮಸಿ ಬಳಿದಿದ್ದೆ.

"ಹೋಗಿದ್ಯಾ ನೀನು?"

"ಹೋಗಿದ್ದೆ."

"ಎಳ್ಕೊಂಡು ಹೋದ್ರಾ?"

"ಇಲ್ಲ. ಕರೆದ್ರು, ಹೋದೆ. ಹೆದರಿಕೆ ಆಯ್ತು. ಬಾಗಿಲಲ್ಲಿ ಒಬ್ಬ ಸಾಹೇಬ ಇದ್ದ, ಬಹಳ ಮರ್ಯಾದಸ್ಥ. ಟೀ ಕೊಡಿಸಿದ. 'ಚೆನ್ನಾಗಿ ಮಾಡಪ್ಪ, ದೊಡ್ಡ ಕಲಾವಿದರು ಬರೋರಿದ್ದಾರೆ' ಅಂದ. ಪಾರ್ಟಿ ಇರ್ಬೇಕು ಅಂದ್ಕೊಂಡೆ."

"ಅಂದ್ಕೊಂಡೆಯಾ, ಅಂದ್ಕೊಳ್ಳಬೇಕು ಅಂತ ಅಂದ್ಕೊಂಡೆಯಾ?"

ಅವನು ನನ್ನ ಕೈಯಿಂದ ನೋಟ್‌ಬುಕ್ಕು ತೆಗೆದುಕೊಂಡು ಮುಚ್ಚಿದ. ನನಗೆ ಆಗ ಹೊಳೆಯಿತು. ಪ್ರತಿ ವರ್ಷ ಟೀಚರ ನೆನಪಿನ ಸಭೆಯಲ್ಲಿ ನಾವು ಆ ಕ್ಯಾಸೆಟ್ಟು ಹಾಕುತ್ತಿದ್ದೆವು, ಪ್ರತಿ ವರ್ಷ ಅದು ಶುರುವಾಗುವಾಗ ತಂತಿ ಸಿಗರೇಟಿಗೆಂದು ಹೊರಗೆ ಎದ್ದುಹೋಗುತ್ತಿದ್ದ. ಮೂವತ್ತೆಂಟು ಸಿಗರೇಟು. ಊರಿನಲ್ಲೇ ಸೂಕ್ಷ್ಮ ಕಿವಿಯ ಮನುಷ್ಯ ಆ ಹದಿನಾಲ್ಕು ನಿಮಿಷವನ್ನು ಕೇಳದೆ ಬದುಕಿದ್ದ.

ನನಗೆ ಅವನನ್ನು ಅಪ್ಪಿಕೊಳ್ಳಬೇಕು ಅನ್ನಿಸಲಿಲ್ಲ. ಎರಡು ಬಾರಿಸಬೇಕು ಅನ್ನಿಸಿತು. ಬಾಗಿಲಲ್ಲಿ ಅವನ ಹೆಂಡತಿ ನಿಂತು ಎಲ್ಲ ಕೇಳಿಸಿಕೊಂಡಿದ್ದಳು. ಮದುವೆಯಾಗಿ ನಲವತ್ತು ವರ್ಷ. ಆಕೆಗೂ ಇದು ಹೊಸ ಸುದ್ದಿ.

"ಸುಮ್ಮನಿದ್ರೆ ಏನಾಗುತ್ತೆ?" ಎಂದು ಆಕೆ ನನ್ನನ್ನು ಕೇಳಿದಳು.

"ಕೋಣೆ ಸಣ್ಣದು, ಕೋಟು ಹನ್ನೊಂದು ಅಂತ ಹೇಳಿದ್ರೆ ಆಯೋಗದವರು ನಕ್ಕು ಕಳಿಸ್ತಾರೆ ತಾಯಿ. ಕಂಪ್ಯೂಟರ್ ಆಟ ಅಂತಾರೆ. ಈ ನೋಟ್‌ಬುಕ್ಕು ಇದ್ರೆ ಯಾರೂ ನಗೋಕಾಗಲ್ಲ. ಆದ್ರೆ ಇದನ್ನ ಕೊಟ್ರೆ ಇವನು ಎಲ್ಲಿಗೆ ಹೋಗಿದ್ದ ಅಂತ ಊರಿಗೆಲ್ಲ ಗೊತ್ತಾಗುತ್ತೆ. ಗೋಡೆ ಮೇಲಿನ ಫೋಟೋ ನಾನೇ ಇಳಿಸ್ಬೇಕಾಗುತ್ತೆ."

ಆಕೆ ಗಂಡನ ಕಡೆ ತಿರುಗಿದಳು. "ಎದ್ದೇಳ್ರಿ. ಮುಖ ತೊಳೀರಿ. ಕೊಡೋದೋ ಬಿಡೋದೋ ಆಮೇಲೆ. ಮೊದಲು ಔಷಧಿ ಅಂಗಡಿಗೆ ಹೋಗ್ಬೇಕು."

ಮಾತ್ರೆ ಅಕ್ಕ ಗಲ್ಲಾದ ಹಿಂದೆ ನಿಂತಿದ್ದಳು. ತಂತಿ ಹೇಳತೊಡಗಿದ. ನಡುವೆ ಒಬ್ಬ ಕೆಮ್ಮಿನ ಔಷಧಿಗೆ ಬಂದ. ಆಕೆ ಬಾಟಲಿ ಕೊಟ್ಟು, "ಊಟ ಆದ್ಮೇಲೆ ಎರಡು ಚಮಚ" ಎಂದು ಕಳಿಸಿ, "ಹೂಂ, ಮುಗಿಸು" ಅಂದಳು. ತಂತಿ ಮುಗಿಸಿದ.

"ನೀನು ಹೋದಾಗ ಅವಳು ಅಲ್ಲಿದ್ಲಾ?"

"ಆ ಕೋಣೇಲಿ ಇರಲಿಲ್ಲ. ಮೇಲಿನ ಮಹಡೀಲಿ ಯಾರೋ ಓಡಾಡ್ತಿದ್ರು. ಒಂದು ಕಾಲು ಎಳ್ಕೊಂಡು."

"ನಮ್ಮಕ್ಕನ ಕಾಲು ನೆಟ್ಟಗಿತ್ತು."

"ಹೌದು ಅಕ್ಕ. ಸೋಮವಾರದ ತನಕ ನೆಟ್ಟಗಿತ್ತು."

ಆಕೆ ಗಾಜಿನ ಮೇಲಿನ ಮಾತ್ರೆಯ ಡಬ್ಬಿಗಳನ್ನು ಒಂದರ ಪಕ್ಕ ಒಂದು ನೇರವಾಗಿ ಜೋಡಿಸಿದಳು. ಬಹಳ ಹೊತ್ತು ಜೋಡಿಸಿದಳು. ಆಮೇಲೆ ಅಂದಳು, "ಆಯೋಗಕ್ಕೆ ಹೋಗು. ಎಲ್ಲಾ ಹೇಳು, ಸಹಿ ಹಾಕು. ಅದಾದ್ಮೇಲೆ ನನ್ನ ಅಂಗಡಿಗೆ ಬರ್ಬೇಡ. ನಿನ್ನ ಬಿ.ಪಿ. ಮಾತ್ರೆ ಬೇರೆ ಕಡೆ ತಗೋ."

ಕೈಬರಹದ ಆ ರಚನೆಯ ಹಾಳೆಯನ್ನೂ ವಾಪಸ್ಸು ಇಸಿದುಕೊಂಡಳು. ಅಕ್ಕನ ಸದ್ದಿನಲ್ಲಿ ಅದನ್ನು ಕೇಳುವ ಆಸೆ ಉಳಿದಿರಲಿಲ್ಲ. ಆ ಸದ್ದು ಯಾವ ಕೋಣೆಯದು ಎಂದು ಗೊತ್ತಾದ ಮೇಲೆ ಯಾರಿಗೆ ಉಳಿಯುತ್ತದೆ?

ಸಮಿತಿಯಿಂದ ಅರ್ಜಿ ಹಾಕಿದೆವು. ಅಧಿಕಾರಿಗಳ ಕ್ಲಬ್ಬಿನ ಕ್ಯಾಂಟೀನ್ ಕೋಣೆಯ ಬಗ್ಗೆ ಒಬ್ಬ ಸಾಕ್ಷಿ ಹೇಳಿಕೆ ಕೊಡುತ್ತಾನೆ, ಧ್ವನಿ ಸಾಕ್ಷ್ಯ ಇದೆ ಎಂದಷ್ಟೇ ಬರೆದಿದ್ದೆವು. ಹೆಸರು ಹಾಕಿರಲಿಲ್ಲ. ಮೂರನೇ ದಿನದಿಂದ ತಂತಿಯ ಮನೆಗೆ ಫೋನು ಬರತೊಡಗಿತು. ಎತ್ತಿದರೆ ಆ ಕಡೆ ಮಾತಿಲ್ಲ.

ಒಮ್ಮೆ ನಾನು ಅಲ್ಲಿದ್ದಾಗಲೇ ಬಂತು. ಮಧ್ಯಾಹ್ನ. ತಂತಿ ಎತ್ತಿ ಕಿವಿಗಿಟ್ಟುಕೊಂಡ. ಸುಮ್ಮನೆ ಕೇಳಿದ. ಆಮೇಲೆ ನಿಧಾನವಾಗಿ ಅಂದ, "ಹನ್ನೆರಡಕ್ಕೆ ಹತ್ತಡಿ ಕೋಣೆ. ಮರದ ಕಪಾಟು ತುಂಬಾ ಫೈಲು. ಫ್ಯಾನು ಎಡಗಡೆ, ಬೇರಿಂಗ್ ಹೋಗಿದೆ, ಎಣ್ಣೆ ಬಿಡಿಸಿ. ನೀವು ಇಬ್ಬರಿದ್ದೀರಿ. ಬಾಗಿಲ ಹತ್ರ ನಿಂತಿರೋರು ದಪ್ಪ ಇದ್ದಾರೆ."

ಫೋನು ಕಟ್ಟಾಯಿತು. ನಾನು ಹೊಟ್ಟೆ ಹಿಡಿದುಕೊಂಡು ನಕ್ಕೆ. ಅವನು ನಗಲಿಲ್ಲ.

"ಯಾಕೆ ಮಾತಾಡ್ತಿಲ್ಲ ಗೊತ್ತಾ?" ಅಂದ. "ಬೈಬೇಕಿತ್ತು, ಬೆದರಿಸ್ಬೇಕಿತ್ತು. ಯಾವತ್ತೂ ಅವರು ಹಾಗೇ ಅಲ್ವಾ ಮಾಡೋದು? ಇವರು ಬಾಯಿ ಬಿಡ್ತಿಲ್ಲ. ನಾನು ಯಾರು, ಏನು ಕೆಲಸದವನು ಅಂತ ಗೊತ್ತು ಅವರಿಗೆ. ದನಿ ಕೊಡಬಾರ್ದು ಅಂತ ಗೊತ್ತು."

ಅವನ ಹೆಂಡತಿಯ ಮಿಷಿನ್ ನಿಂತಿತ್ತು. ಸ್ವಲ್ಪ ಹೊತ್ತಾದ ಮೇಲೆ ಮತ್ತೆ ಶುರುವಾಯಿತು, ಮೊದಲಿಗಿಂತ ಜೋರಾಗಿ.

ಆ ವಾರ ಕ್ಲಬ್ಬಿನ ಹಿಂಭಾಗವನ್ನು ಕೆಡವಿದರು. ದುರಸ್ತಿಯಂತೆ. ನಾನು ಹೋಗಿ ನೋಡಿದೆ. ಒಡೆದ ಬಿಳಿ ಟೈಲ್ಸು ರಸ್ತೆ ಬದಿಯಲ್ಲಿ ರಾಶಿ ಬಿದ್ದಿತ್ತು. ಕಾವಲಿಗೆ ನಿಂತವನು, "ಏನ್ ಬೇಕು ಯಜಮಾನ್ರೇ?" ಅಂದ. ಮನೆಗೆ ಟೈಲ್ಸ್ ಬೇಕಿತ್ತು ಅಂದೆ. "ಈ ಕಡೆ ಬರ್ಬೇಡಿ, ಮೈಮೇಲೆ ಬೀಳುತ್ತೆ" ಅಂದ. ಬಹಳ ಮರ್ಯಾದೆಯಿಂದಲೇ ಅಂದ.

ಆಯೋಗ ಕೂತದ್ದು ಒಂದು ಹಳೆಯ ಗ್ರಂಥಾಲಯದ ಓದುವ ಕೋಣೆಯಲ್ಲಿ. ಮುಂದೆ ನಿವೃತ್ತ ನ್ಯಾಯಾಧೀಶರು, ಪಕ್ಕದಲ್ಲಿ ಟೈಪಿಸುವ ಗುಮಾಸ್ತ, ಎಡಕ್ಕೆ ಸರ್ಕಾರಿ ವಕೀಲ. ನಾವು ಹದಿನೈದಿಪ್ಪತ್ತು ಜನ. ಮಾತ್ರೆ ಅಕ್ಕ ಮೊದಲ ಸಾಲಿನಲ್ಲಿ, ತಂತಿಯ ಕಡೆ ನೋಡದೆ ಕೂತಿದ್ದಳು. ಹಿಂದಿನ ಸಾಲುಗಳಲ್ಲಿ ನಮಗೆ ಪರಿಚಯವಿಲ್ಲದ ಕೆಲವು ಮುದುಕರು, ಒಳ್ಳೇ ಇಸ್ತ್ರಿ ಮಾಡಿದ ಬಟ್ಟೆಯವರು. ತಮ್ಮತಮ್ಮಲ್ಲೇ ಗುಸುಗುಸು ಮಾತಾಡಿಕೊಂಡು, ಆಗಾಗ ನಗುತ್ತ ಇದ್ದರು.

ತಂತಿ ಕ್ಯಾಸೆಟ್ಟು ಹಾಕಿದ. ತನ್ನದು ಹಾಕಿದ. ಪುರಭವನ ಹಾಕಿ ತೋರಿಸಿದ, ಸಣ್ಣ ಕೋಣೆ ಹಾಕಿ ತೋರಿಸಿದ, ಕೋಟುಗಳನ್ನು ಒಂದೊಂದಾಗಿ ತೆಗೆದಾಗಿನ ಸದ್ದನ್ನೂ ಹಾಕಿ ತೋರಿಸಿದ. ನ್ಯಾಯಾಧೀಶರು ಕಣ್ಣು ಮುಚ್ಚಿ ಕೇಳಿದರು.

ಸರ್ಕಾರಿ ವಕೀಲ ಎದ್ದು, "ನಿಮ್ಮ ಕಿವಿಗೆ ಯಾವುದಾದರೂ ಪ್ರಮಾಣಪತ್ರ ಇದೆಯೇ?" ಅಂದ. ಹಿಂದಿನ ಸಾಲು ನಕ್ಕಿತು.

"ಕಿವಿಗೆ ಇಲ್ಲ ಸ್ವಾಮಿ" ಎಂದ ತಂತಿ. "ಗಂಟಿಗೆ ಇದೆ." ನೋಟ್‌ಬುಕ್ಕು ತೆಗೆದು ಮೇಜಿನ ಮೇಲಿಟ್ಟ. ಆಮೇಲೆ ನಮ್ಮ ಕಡೆ ತಿರುಗಿ, ಎಲ್ಲರಿಗೂ ಕೇಳುವಂತೆ, ತಾನು ಬಹಿಷ್ಕಾರ ಮುರಿದು ಕ್ಲಬ್ಬಿಗೆ ಹೋದದ್ದು, ಟೀ ಕುಡಿದದ್ದು, ಪೂರ್ತಿ ನಾಲ್ಕು ಗಂಟೆ ಕೂತು ಶ್ರುತಿ ಮಾಡಿದ್ದು, ಎಲ್ಲ ಹೇಳಿದ. ನಮ್ಮವರಲ್ಲಿ ಇಬ್ಬರು ಎದ್ದು ಹೊರಗೆ ಹೋದರು. ಒಬ್ಬ ನೆಲಕ್ಕೆ ಉಗಿದ. ತಂತಿಯ ದನಿ ಒಂದು ಸಲವೂ ಕಿತ್ತುಹೋಗಲಿಲ್ಲ. ಅಷ್ಟು ಮಟ್ಟಿಗೆ ಅವನನ್ನು ಮೆಚ್ಚುತ್ತೇನೆ, ಅದಕ್ಕಿಂತ ಹೆಚ್ಚಿಲ್ಲ.

ನ್ಯಾಯಾಧೀಶರು ನೋಟ್‌ಬುಕ್ಕಿನ ಪುಟವನ್ನು ಎರಡು ಸಲ ಓದಿದರು. "ನಿಮ್ಮನ್ನು ಒಳಗೆ ಕರೆದುಕೊಂಡ ಅಧಿಕಾರಿ. ಅವರನ್ನು ಈಗ ಗುರುತಿಸಬಲ್ಲಿರಾ?"

"ಮುಖ ನೆನಪಿಲ್ಲ ಸ್ವಾಮಿ. ದನಿ ಕೇಳಿದ್ರೆ ಗುರುತಿಸ್ತೀನಿ."

ಹಿಂದಿನ ಸಾಲಿನ ಗುಸುಗುಸು ನಿಂತಿತು. ಒಂದೇ ಏಟಿಗೆ, ಸ್ವಿಚ್ ಆರಿಸಿದ ಹಾಗೆ. ನಾನು ತಿರುಗಿ ನೋಡಿದೆ. ಅಲ್ಲಿ ಕೂತಿದ್ದವರೆಲ್ಲ ಬಾಯಿ ಮುಚ್ಚಿಕೊಂಡು ನೇರವಾಗಿ ಮುಂದೆ ನೋಡುತ್ತಿದ್ದರು.

ನ್ಯಾಯಾಧೀಶರು ಫೈಲಿನ ಮೇಲಿನ "ಸ್ವಇಚ್ಛೆಯಿಂದ ತೆರಳಿದವರು" ಅನ್ನುವುದನ್ನು ಹೊಡೆದುಹಾಕಿ, "ವಶದಲ್ಲಿದ್ದಾಗ ಕಾಣೆಯಾದವರು" ಎಂದು ಬರೆಸಿದರು. ಮಾತ್ರೆ ಅಕ್ಕ ತಲೆ ಎತ್ತಿ ಅದನ್ನು ಕೇಳಿಸಿಕೊಂಡು, ಕೈಚೀಲ ತೆಗೆದುಕೊಂಡು ಅಂಗಡಿಗೆ ಹೋದಳು. ಅಳಲಿಲ್ಲ, ಯಾರಿಗೂ ಕೈ ಮುಗಿಯಲಿಲ್ಲ.

ತಂತಿ ಸಹಿ ಹಾಕಿದ. ಸಹಿ ಹಾಕಿದ ಹೇಳಿಕೆಯನ್ನು ಗುಮಾಸ್ತ ಗಟ್ಟಿಯಾಗಿ ಓದಿ ಒಪ್ಪಿಸಬೇಕಂತೆ, ಅದು ನಿಯಮ. ಅವನು ಎದ್ದು ನಿಂತು ಓದಿದ. ಸಾಕ್ಷಿಯ ಪೂರ್ತಿ ಹೆಸರು ಓದಿದ. ವಯಸ್ಸು, ಕಸುಬು ಓದಿದ. ಆಮೇಲೆ ವಿಳಾಸ. ಬೀದಿಯ ಹೆಸರು, ಕಟ್ಟಡದ ನಂಬರು, ಎಡಗಡೆಯ ಮೆಟ್ಟಿಲು, ಎರಡನೇ ಮಹಡಿ. ಹಿಂದೆ ಪೆನ್ನಿನ ಮುಚ್ಚಳ ತೆಗೆದ ಸದ್ದಾಯಿತು. ಅಷ್ಟು ಸಣ್ಣ ಸದ್ದು ನನಗೇ ಕೇಳಿಸಿತು ಅಂದ ಮೇಲೆ ತಂತಿಗೆ ಹೇಗೆ ಕೇಳಿಸಿರಬೇಡ.

ಅವನ ಹೆಂಡತಿ ಎದ್ದು ನಿಂತಳು.

"ತಪ್ಪಾಗಿದೆ ಸ್ವಾಮಿ" ಅಂದಳು. "ಎರಡನೇ ಮಹಡಿ ಅಲ್ಲ, ಮೂರನೇದು. ಬಲಗಡೆ ಬಾಗಿಲು. ಎರಡನೇ ಮಹಡೀಲಿ ಸಣ್ಣ ಮಕ್ಕಳಿರೋ ಮನೆ ಇದೆ. ಬರೋರು ಅವರ ಬಾಗಿಲು ಬಡೀಬಾರ್ದು, ಸರಿಯಾಗಿ ಬರ್ಕೊಳ್ಳಿ."

ಗುಮಾಸ್ತ ತಿದ್ದಿಕೊಂಡ. ಕೊನೆಯ ಸಾಲಿನಲ್ಲಿದ್ದವನೂ ಒಂದು ಗೆರೆ ಎಳೆದು ತಿದ್ದಿಕೊಂಡ.